ಐದು ಸೂತಕ ಕಳೆದವರು ಆರನೆಯದನ್ನು ಉಳಿಸಿಕೊಂಡೆವೇ?



ನಾನು ವೈದ್ಯನಲ್ಲ. ಕಲಬುರಗಿಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಏರಿ, ಕಾಲುವೆ, ತೂಬುಗಳ ಲೆಕ್ಕ ನೋಡಿ ನಿವೃತ್ತನಾದವನು. ಈ ಪತ್ರಿಕೆಯಲ್ಲಿ ಇದುವರೆಗೆ ನಾನು ಬರೆದದ್ದು ದಾಸೋಹ, ಪಂಚಾಚಾರ, ವಾಸ್ತುವಿನ ಮೂಢನಂಬಿಕೆ ಇಂಥ ವಿಷಯಗಳ ಮೇಲೆ. ಈ ಸಲ ಬರೆಯುತ್ತಿರುವುದು ಹೆಣ್ಣುಮಕ್ಕಳ ಹೊರ ಜನನಾಂಗಕ್ಕೆ ಬರುವ ತುರಿಕೆ, ಉರಿ, ಬಿರುಕು, ಹುಣ್ಣುಗಳ ಬಗ್ಗೆ. ಇಷ್ಟು ಓದಿದ ಕೂಡಲೇ ಪುಟ ಮಗುಚಬೇಡಿರೆಂದು ಕೈಮುಗಿದು ಕೇಳುತ್ತೇನೆ. ಹಾಗೆ ಪುಟ ಮಗುಚುವ ಅಭ್ಯಾಸದಿಂದಲೇ ನಮ್ಮ ಮನೆಯ ಹಿರಿಯಳೊಬ್ಬಳು ಏಳು ವರ್ಷ ನರಳಿದಳು.

ಎರಡು ವರ್ಷದ ಹಿಂದೆ ಶ್ರಾವಣ ಮಾಸದ ಪ್ರವಚನಕ್ಕೆ ಕಮಲಾಪುರಕ್ಕೆ ಹೋಗಿದ್ದೆ. ಒಂದು ದಿನದ ವಿಷಯ ನನಗೆ ಕೊಟ್ಟಿದ್ದರು: ಪಂಚಸೂತಕ ನಿರಾಕರಣೆ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಈ ಐದು ಸೂತಕಗಳನ್ನು ಹನ್ನೆರಡನೆಯ ಶತಮಾನದಲ್ಲೇ ಶರಣರು ಹೇಗೆ ಕಿತ್ತೊಗೆದರು ಎಂದು ನಲವತ್ತು ನಿಮಿಷ ಮಾತಾಡಿದೆ. ಮುಟ್ಟಾದ ಹೆಣ್ಣು ಹೊರಗೆ ಕೂಡಬೇಕಿಲ್ಲ, ಲಿಂಗವಿರುವ ಮೈಗೆ ಮೈಲಿಗೆಯೇ ಇಲ್ಲ ಎಂದಾಗ ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕಂಬಕ್ಕೆ ಒರಗಿ ನನ್ನ ಅಕ್ಕನೂ ಕುಳಿತಿದ್ದಳು. ನಡುವೆ ಎರಡು ಸಲ ಎದ್ದು ಹೊರಗೆ ಹೋಗಿ ಬಂದಳು.

ದೊಡ್ಡವ್ವ, ಚಿಕ್ಕವ್ವರ ಮಕ್ಕಳೂ ಸೇರಿ ನನಗೆ ಆರು ಜನ ಅಕ್ಕಂದಿರು. ಇವಳು ಯಾರೆಂದು ಊಹಿಸುವ ಗೋಜಿಗೆ ಯಾರೂ ಹೋಗಬೇಡಿ. "ಹೆಸರು ಹಾಕಬ್ಯಾಡ, ಆದ್ರ ಬರಿ" ಎಂದು ಅವಳೇ ಅಪ್ಪಣೆ ಕೊಟ್ಟ ಮೇಲೆ ಬರೆಯುತ್ತಿದ್ದೇನೆ.

ಪ್ರವಚನ ಮುಗಿಸಿ ಅವಳ ಮನೆಗೆ ಊಟಕ್ಕೆ ಹೋದೆವು. ದೇವರ ಜಗಲಿಯ ಮೇಲಿನ ಗೂಟಕ್ಕೆ ಅವಳ ಕರಡಿಗೆ ತೂಗುತ್ತಿತ್ತು. ಎಂದೂ ಕೊರಳಿನಿಂದ ತೆಗೆದವಳಲ್ಲ. "ಯಾಕಕ್ಕ, ಲಿಂಗ ಮೈಮ್ಯಾಲ ಯಾಕಿಲ್ಲ?" ಎಂದೆ. "ಮೈ ಶುದ್ಧ ಇಲ್ಲೋ ತಮ್ಮ" ಎಂದಷ್ಟೇ ಹೇಳಿ ರೊಟ್ಟಿ ಬಡಿಯಲು ಒಳಗೆ ಹೋದಳು. ಈಗ ತಾನೇ ನಲವತ್ತು ನಿಮಿಷ ಮಾತಾಡಿ ಬಂದ ನನಗೆ ಆ ಮಾತಿಗೆ ಏನು ಹೇಳಬೇಕೆಂದು ತೋಚಲಿಲ್ಲ. ಆ ರಾತ್ರಿ ಅವಳ ಪಕ್ಕ ಮಲಗಿದ ನನ್ನ ಹೆಂಡತಿಗೆ ವಿಷಯ ತಿಳಿಯಿತು. ನಡುರಾತ್ರಿ ಅಕ್ಕ ಎದ್ದು ಬಚ್ಚಲಿಗೆ ಹೋಗಿ ತಣ್ಣೀರು ಹಾಕಿಕೊಂಡು ಅಳುತ್ತಿದ್ದಳು.

ಮುಟ್ಟು ನಿಂತ ಎಷ್ಟೋ ವರ್ಷಗಳ ಮೇಲೆ ಶುರುವಾದ ತುರಿಕೆ. ಹಗಲು ಹೇಗೋ ತಡೆಯಬಹುದು, ರಾತ್ರಿ ನಿದ್ದೆಯಿಲ್ಲ. ಮೊದಲು ಮೊಮ್ಮಗನ ಕೈಯಲ್ಲಿ ಚೀಟಿ ಕೊಟ್ಟು ಔಷಧಿ ಅಂಗಡಿಯಿಂದ ಮುಲಾಮು ತರಿಸಿದಳು. ಆಮೇಲೆ ಒಬ್ಬ ವೈದ್ಯರ ಬಳಿ ಹೋದಳು. "ಕೆಳಗ ತುರಸ್ತದ್ರಿ" ಎಂದಳು. ಮೇಜಿನ ಆ ಕಡೆಯಿಂದಲೇ ಗುಳಿಗೆ ಬರೆದುಕೊಟ್ಟರು. ಮೂರು ಸಲ ಹೋದಳು, ಮೂರು ಸಲವೂ ನೋಡದೆಯೇ ಗುಳಿಗೆ ಬಂತು. ಕಡೆಗೆ ಬೇವಿನೆಲೆಯ ನೀರು, ಉಪ್ಪು, ಬಿಸಿನೀರಿಗೆ ಡೆಟಾಲ್. ಚರ್ಮ ಬೆಳ್ಳಗಾಗಿ, ತೆಳ್ಳಗಾಗಿ, ಬಿರುಕು ಬಿಟ್ಟಿತು. ಮೂತ್ರ ಮಾಡುವಾಗ ಉರಿಯುತ್ತದೆಂದು ನೀರು ಕುಡಿಯುವುದನ್ನೇ ಕಡಿಮೆ ಮಾಡಿದಳು. ಮನೆಯವರಿಗೆ ಹೇಳಿದ್ದು ಮಾತ್ರ ಮೊಣಕಾಲು ನೋವು. ಏಳು ವರ್ಷ ಇಡೀ ಮನೆ ಅವಳ ಮೊಣಕಾಲಿಗೆ ಎಣ್ಣೆ ತಂದುಕೊಟ್ಟಿತು. ಅದರಲ್ಲಿ ಎರಡು ಬಾಟಲಿ ನಾನೇ ತಂದಿದ್ದೆ.

ನನ್ನ ಹೆಂಡತಿ ಅವಳನ್ನು ಬಸ್ಸಿಗೆ ಹತ್ತಿಸಿಕೊಂಡು ಕಲಬುರಗಿಗೆ ಕರೆತಂದಳು. ಡಾಕ್ಟರಮ್ಮ ಪರದೆಯ ಹಿಂದೆ ಎರಡು ನಿಮಿಷ ನೋಡಿದರು. "ಇಷ್ಟು ವರ್ಷದಾಗ ಯಾರೂ ನೋಡೇ ಇಲ್ಲೇನ್ರಿ ಅವ್ವಾ?" ಎಂದು ಕೇಳಿದರಂತೆ. "ನಾ ತೋರ್ಸಲಿಲ್ರಿ, ಅವ್ರೂ ಕೇಳಲಿಲ್ರಿ" ಎಂದಳಂತೆ ಅಕ್ಕ. ಒಂದು ಕಡೆಯ ಬಿರುಕು ಬಹಳ ದಿನದಿಂದ ಮಾಯದೆ ಇದ್ದುದರಿಂದ, ಅಷ್ಟು ಜಾಗಕ್ಕೆ ಮಾತ್ರ ಮರವಿನ ಸೂಜಿ ಕೊಟ್ಟು, ತೊಗರಿ ಬೇಳೆಗಿಂತ ಚಿಕ್ಕ ಚರ್ಮದ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನಮ್ಮ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಕ್ಯಾನ್ಸರ್ ಇರಲಿಲ್ಲ. ರೋಗದ ಹೆಸರು ಲೈಕೆನ್ ಸ್ಕ್ಲಿರೋಸಸ್.

ಆ ಹೆಸರನ್ನು ಅರವತ್ತು ದಾಟಿದ ನಾನು ಅಂದೇ ಮೊದಲು ಕೇಳಿದ್ದು. ಆಮೇಲೆ ಡಾಕ್ಟರಮ್ಮನವರನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಮನೆಯ ಹೆಣ್ಣುಮಕ್ಕಳ ಕೈಗೆ ಈ ಪುಟ ತಲುಪಲಿ.

ಆ ಭಾಗದ ತುರಿಕೆಗೆಲ್ಲ ಕಾರಣ ಒಂದೇ ಅಲ್ಲ. ಬಹಳ ಸಾಮಾನ್ಯವಾದದ್ದು ನಾವೇ ಹಚ್ಚಿ ತಂದುಕೊಳ್ಳುವ ಉರಿ. ಪರಿಮಳದ ಸಾಬೂನು, ಡೆಟಾಲ್‌ನಂಥ ದ್ರವ, ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿ, ಸುವಾಸನೆಯ ಪ್ಯಾಡು, ಸದಾ ಒದ್ದೆಯಾಗಿರುವ ಬಟ್ಟೆ ಇವೆಲ್ಲ ಆ ಮೃದು ಚರ್ಮವನ್ನು ಕೆಡಿಸುತ್ತವೆ. ಕೊಳೆ ಎಂದು ತಿಳಿದು ಹೆಚ್ಚು ಹೆಚ್ಚು ತೊಳೆದಷ್ಟೂ ಉರಿ ಹೆಚ್ಚುತ್ತದೆ. ಇದಕ್ಕೆ ಚಿಕಿತ್ಸೆಯೆಂದರೆ ಮೊದಲು ಅವನ್ನೆಲ್ಲ ಬಿಡುವುದು, ಬರಿ ನೀರಿನಲ್ಲಿ ಹೊರಗಷ್ಟೇ ತೊಳೆಯುವುದು, ಒಳಗೆ ಏನನ್ನೂ ಹಾಯಿಸದಿರುವುದು, ವೈದ್ಯರು ಹೇಳಿದ ಸಾದಾ ಮೃದುಕಾರಕ ಮುಲಾಮು ಸವರುವುದು. ಕೆಲವರಲ್ಲಿ ಕೆರೆದು ಕೆರೆದು ಚರ್ಮ ದಪ್ಪವಾಗಿ, ದಪ್ಪವಾದದ್ದರಿಂದ ಮತ್ತೆ ತುರಿಕೆ ಹೆಚ್ಚಿ, ಅದೊಂದು ಸುತ್ತು ಆಗಿಬಿಡುತ್ತದೆ. ಆ ಸುತ್ತನ್ನು ಕೆಲವು ವಾರದ ಔಷಧದಿಂದ ಕಡಿಯಬೇಕು.

ಎರಡನೆಯದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು. ಒಡೆದ ಮೊಸರಿನಂಥ ಬಿಳಿಸೆರಗು, ತುರಿಕೆ, ಕೆಂಪು. ಕ್ಲೋಟ್ರಿಮಜೋಲ್ ಎಂಬ ಒಳಗಿಡುವ ಗುಳಿಗೆಯಿಂದಲೋ, ಬಾಯಲ್ಲಿ ನುಂಗುವ ಫ್ಲುಕೊನಜೋಲ್ 150 ಮಿಲಿಗ್ರಾಂ ಗುಳಿಗೆಯಿಂದಲೋ ಸಾಮಾನ್ಯವಾಗಿ ವಾಸಿಯಾಗುತ್ತದೆ. ಬಸುರಿಯರು ನುಂಗುವ ಗುಳಿಗೆ ತೆಗೆದುಕೊಳ್ಳಬಾರದು. ಇದು ಪದೇ ಪದೇ ಬಂದರೆ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಲೇಬೇಕು. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾಗುವುದೇ ಹೀಗೆ.

ಮೂರನೆಯದು ತೊಡೆಸಂದಿಯಿಂದ ಹರಡುವ ಹುಳುಕಡ್ಡಿ. ನಮ್ಮ ಕಲಬುರಗಿಯ ಬೇಸಿಗೆಯ ಬೆವರಿಗೆ ಇದು ಸುಲಭವಾಗಿ ಬೇರೂರುತ್ತದೆ. ಮನೆಯಲ್ಲಿ ಒಬ್ಬರಿಗಿದ್ದರೆ ಎಲ್ಲರನ್ನೂ ನೋಡಿಸಬೇಕು. ಟವೆಲು, ಒಳಉಡುಪು ಬೇರೆಬೇರೆ ಇರಬೇಕು, ಬಿಸಿಲಿನಲ್ಲಿ ಒಣಗಬೇಕು.

ಮುಟ್ಟು ನಿಂತ ಮೇಲೆ ಹಾರ್ಮೋನು ಕಡಿಮೆಯಾಗಿ ಆ ಭಾಗ ಒಣಗುವುದು ಇನ್ನೊಂದು. ಉರಿ, ನೋವು, ಪದೇ ಪದೇ ಮೂತ್ರದ ತೊಂದರೆ. ಸ್ಥಳಕ್ಕಷ್ಟೇ ಹಚ್ಚುವ ಈಸ್ಟ್ರೋಜನ್ ಕ್ರೀಮಿನಿಂದ ಬಹಳ ಜನರಿಗೆ ಆರಾಮ ಸಿಗುತ್ತದೆ. ಯೋನಿದ್ವಾರದ ಒಂದು ಬದಿಯಲ್ಲಿ ಗಂಟು ಬಂದು ಬಾತು ಕೂಡಲಾಗದಷ್ಟು ನೋವಾದರೆ ಅದು ಬಾರ್ಥೊಲಿನ್ ಗ್ರಂಥಿಯ ಬಾವು ಇರಬಹುದು. ಕೀವು ತೆಗೆದು, ದಾರಿ ಮತ್ತೆ ಮುಚ್ಚದಂತೆ ಮಾಡುವ ಚಿಕ್ಕ ಶಸ್ತ್ರಚಿಕಿತ್ಸೆ ಇದೆ. ನೀರುಗುಳ್ಳೆ, ನರುಲಿ ಕಂಡರೆ ಅದು ಲೈಂಗಿಕ ಸಂಪರ್ಕದಿಂದ ಬಂದ ವೈರಸ್ ಇರಬಹುದು. ಆಗ ಗಂಡನೂ ವೈದ್ಯರ ಬಳಿ ಹೋಗಬೇಕು. ಹೆಂಡತಿಯನ್ನಷ್ಟೇ ಕಳಿಸಿ ತಾನು ಹೊರಗೆ ಚಹಾ ಕುಡಿಯುತ್ತ ನಿಲ್ಲುವುದಲ್ಲ.

ಇನ್ನು ಅಕ್ಕನಿಗೆ ಬಂದ ಲೈಕೆನ್ ಸ್ಕ್ಲಿರೋಸಸ್. ಇದು ಸೋಂಕಲ್ಲ, ಅಂಟುರೋಗವಲ್ಲ, ಯಾರ ನಡತೆಯಿಂದಲೂ ಬಂದದ್ದಲ್ಲ. ದೇಹದ ರಕ್ಷಣಾ ವ್ಯವಸ್ಥೆ ತನ್ನ ಚರ್ಮದ ಮೇಲೆ ತಾನೇ ತಿರುಗಿಬೀಳುವುದರಿಂದ ಬರುತ್ತದೆಂದು ವೈದ್ಯರು ತಿಳಿಯುತ್ತಾರೆ. ಮುಟ್ಟು ನಿಂತವರಲ್ಲಿ ಹೆಚ್ಚು, ಮೈನೆರೆಯದ ಪುಟ್ಟ ಹುಡುಗಿಯರಲ್ಲೂ ಕಾಣುತ್ತದೆ. ಚರ್ಮ ಬಿಳಿಚಿಕೊಂಡು, ಬಿರಿದು, ಬಿಟ್ಟರೆ ಅಂಚುಗಳು ಒಂದಕ್ಕೊಂದು ಅಂಟಿ ದಾರಿಯೇ ಕಿರಿದಾಗುತ್ತದೆ. ಹಾಗೆ ಅಂಟಿದ್ದು ಔಷಧದಿಂದ ಮತ್ತೆ ಬಿಡಿಸಿಕೊಳ್ಳುವುದಿಲ್ಲ. ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ ಮುಂದೆ ಕ್ಯಾನ್ಸರ್ ಆಗಬಹುದು. ಕ್ರಮವಾಗಿ ಚಿಕಿತ್ಸೆ ಪಡೆದರೆ ಆ ಅಪಾಯ ಇನ್ನೂ ಇಳಿಯುತ್ತದೆ. ಪೂರ್ತಿ ಬೇರುಸಹಿತ ಹೋಗುವ ರೋಗವಲ್ಲ, ಆದರೆ ಹಿಡಿತದಲ್ಲಿಡಬಹುದು. ಕ್ಲೋಬೆಟಸಾಲ್ ಎಂಬ ಬಲವಾದ ಸ್ಟೆರಾಯ್ಡ್ ಮುಲಾಮನ್ನು ಅಕ್ಕನಿಗೆ ಮೊದಲ ತಿಂಗಳು ದಿನಾ ರಾತ್ರಿ, ಎರಡನೆಯ ತಿಂಗಳು ದಿನ ಬಿಟ್ಟು ದಿನ, ಮೂರನೆಯ ತಿಂಗಳು ವಾರಕ್ಕೆ ಎರಡು ಸಲ ಬರೆದುಕೊಟ್ಟರು. 30 ಗ್ರಾಂ ಟ್ಯೂಬು ಮೂರು ತಿಂಗಳಿಗೆ ಸಾಕಾಯಿತು. ಎರಡು ವಾರದಲ್ಲಿ ಅವಳು ರಾತ್ರಿ ನಿದ್ದೆ ಮಾಡಿದಳು. ಏಳು ವರ್ಷದಲ್ಲಿ ಆದ ಅಂಟು ಮಾತ್ರ ಉಳಿದಿದೆ.

ಇದನ್ನು ಓದಿ ಯಾರೂ ಅಂಗಡಿಗೆ ಹೋಗಿ ಆ ಮುಲಾಮು ಕೊಳ್ಳಬೇಡಿ. ಅಕ್ಕನನ್ನು ಉಳಿಸಿದ ಅದೇ ಸ್ಟೆರಾಯ್ಡನ್ನು ಹುಳುಕಡ್ಡಿಗೆ ಹಚ್ಚಿದರೆ ಮೂರು ದಿನ ತುರಿಕೆ ನಿಂತು, ಆಮೇಲೆ ಅದು ತೊಡೆತುಂಬ ಹರಡುತ್ತದೆ. ಇಂಥ ದುರ್ಬಳಕೆ ನೋಡಿಯೇ 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೆರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿತು. ಆದರೂ ಕೌಂಟರಿನಲ್ಲಿ ಕೇಳಿದವರಿಗೆ ಸಿಗುತ್ತಲೇ ಇದೆ.

ಏರಿಯ ಕೆಳಮೈಯಲ್ಲಿ ಒದ್ದೆ ಕಂಡರೆ ಅದನ್ನು ಕಚೇರಿಯಲ್ಲಿ ಕುಳಿತು ತೀರ್ಮಾನಿಸುವ ಎಂಜಿನಿಯರ್ ಇಲ್ಲ. ಜಿನುಗುವ ನೀರು ತಿಳಿಯಾಗಿದ್ದರೆ ಒಂದು ಲೆಕ್ಕ, ಮಣ್ಣು ಕಲೆತು ರಾಡಿಯಾಗಿದ್ದರೆ ಏರಿಯ ಒಳಗೇ ತೂತು ಬೀಳುತ್ತಿದೆ ಎಂದು ಅರ್ಥ. ದೂರದಿಂದ ಎರಡೂ ಒಂದೇ ಒದ್ದೆ. ಇಳಿದು ಹೋಗಿ ಕಣ್ಣಾರೆ ನೋಡಬೇಕು. ಇಲ್ಲೂ ಅಷ್ಟೇ. ಐದು ರೋಗಕ್ಕೆ ಹೇಳುವ ಮಾತು ಒಂದೇ, "ತುರಸ್ತದ." ಒಂದರ ಮದ್ದು ಇನ್ನೊಂದಕ್ಕೆ ವಿಷ. ನೋಡದೆ ಕೊಟ್ಟ ಮದ್ದು ಮದ್ದಲ್ಲ. ಮಾಯದ ಹುಣ್ಣು, ಗಂಟು, ರಕ್ತ, ಬಣ್ಣ ಬದಲಾದ ಮಚ್ಚೆ ಇದ್ದರಂತೂ ಚರ್ಮದ ತುಣುಕಿನ ಪರೀಕ್ಷೆ ಆಗಲೇಬೇಕು.

ಹಾಗಾದರೆ ನೋಡಲು, ತೋರಿಸಲು ಅಡ್ಡ ಬಂದದ್ದು ಏನು? ಬಡತನವಲ್ಲ, ಅಕ್ಕನ ಮನೆಗೆ ಹೊಲವಿದೆ. ದೂರವೂ ಅಲ್ಲ, ಕಮಲಾಪುರದಿಂದ ಕಲಬುರಗಿಗೆ ಬಸ್ಸಿನಲ್ಲಿ ಒಂದು ತಾಸು. ಕಲಬುರಗಿಯಲ್ಲಿ ಜಿಮ್ಸ್ ಇದೆ, ಎಂ.ಆರ್. ವೈದ್ಯಕೀಯ ಕಾಲೇಜಿನ ಬಸವೇಶ್ವರ ಆಸ್ಪತ್ರೆ ಇದೆ. ಎರಡರಲ್ಲೂ ಸ್ತ್ರೀರೋಗ ವಿಭಾಗವೂ ಚರ್ಮರೋಗ ವಿಭಾಗವೂ ಇವೆ. ಅಡ್ಡ ಬಂದದ್ದು ಸೂತಕ. ರಜಸ್ಸಿನ ಸೂತಕವನ್ನು ನಾವು ಬಾಯಿಮಾತಿನಲ್ಲಿ ಕಳೆದೆವು, ರಜಸ್ಸು ಬರುವ ಅಂಗದ ಸೂತಕವನ್ನು ಹಾಗೇ ಉಳಿಸಿಕೊಂಡೆವು. ಅದರ ಹೆಸರು ಹೇಳಬಾರದು, ಅದರ ನೋವು ಹೇಳಬಾರದು, ಅಲ್ಲಿ ರೋಗ ಬಂದರೆ ಮೈ ಶುದ್ಧವಿಲ್ಲವೆಂದು ಲಿಂಗವನ್ನೇ ಗೂಟಕ್ಕೆ ತೂಗುಹಾಕಬೇಕು. ಇದೇ ನಮ್ಮ ಆರನೆಯ ಸೂತಕ.

ಇದು ನಮ್ಮ ಒಂದು ಮನೆಯ ಕತೆಯಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ರಾಣಿ ಬಂಗ್ ಮತ್ತು ಅವರ ಸಂಗಡಿಗರು ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಪ್ರಕಟಿಸಿದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ ಅಥವಾ ಲೈಂಗಿಕ ರೋಗವಿತ್ತು. ಅದಕ್ಕೆ ಮೊದಲು ಎಂದಾದರೂ ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8. ನಮ್ಮ ಕರ್ನಾಟಕದಲ್ಲೇ ಚಿಕ್ಕ ಮಕ್ಕಳ ತಾಯಂದಿರನ್ನು ಕೇಳಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಇಂಥ ಒಂದಾದರೂ ತೊಂದರೆ ಇದೆಯೆಂದು ಹೇಳಿದ್ದರು. ಅವು ಹಳೆಯ ಅಂಕಿಗಳು ನಿಜ. ಆದರೆ ಮುಟ್ಟಿನ ಬಟ್ಟೆಯನ್ನು ಇವತ್ತಿಗೂ ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿ, ಬಿಸಿಲು ತಾಗದಂತೆ ಒಣಗಹಾಕುವ ಮನೆಗಳು ನಮ್ಮ ಓಣಿಗಳಲ್ಲಿಲ್ಲವೇ? ಆರದ ಬಟ್ಟೆ ಕಟ್ಟಿಕೊಂಡು ತುರಿಕೆ ತಂದುಕೊಳ್ಳುವ ಹುಡುಗಿಯರಿಲ್ಲವೇ?

ಈ ಬರಹದ ಕರಡು ಓದಿದ ಹಿರಿಯ ಮಿತ್ರರೊಬ್ಬರು, "ಮಠದ ಪತ್ರಿಕ್ಯಾಗ ಇಂಥದ್ದು ಬೇಕೇನ್ರಿ? ಅದೂ ಗಂಡಸು ಬರೀಬೇಕೇನ್ರಿ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಹೆಣ್ಣುಮಕ್ಕಳೇ ಬರೆದರೆ ಇದಕ್ಕಿಂತ ಚೆನ್ನಾಗಿ ಬರೆಯುತ್ತಾರೆ, ಬರೆಯಲಿ. ಆದರೆ ಬಸ್ಸಿನ ದುಡ್ಡು, ಆಸ್ಪತ್ರೆಯ ದಾರಿ, ಮನೆಯ ಮಾತು ಇವು ಇನ್ನೂ ಗಂಡಸರ ಕೈಯಲ್ಲೇ ಇರುವಾಗ ನಾವು ಕಿವುಡರಾಗಿರುವುದು ಸಭ್ಯತೆ ಅಲ್ಲ. ಇನ್ನು ಮಠದ ಮಾತು. ದೇಹವನ್ನೇ ಗುಡಿಯೆಂದು ಕಂಡವರು ಬಸವಣ್ಣನವರು. ಗುಡಿಯ ಒಂದು ಮೂಲೆ ಕುಸಿಯುತ್ತಿದ್ದರೆ ಅದು ಅಶುದ್ಧ ಮೂಲೆ, ಅತ್ತ ನೋಡಬೇಡಿ ಎನ್ನುವ ಜೀರ್ಣೋದ್ಧಾರ ಎಲ್ಲಾದರೂ ಉಂಟೇ? ಶರಣರ ಬಳಗದಲ್ಲಿ ವೈದ್ಯ ಸಂಗಣ್ಣನೆಂಬ ಕಾಯಕಜೀವಿ ಇದ್ದ. ರೋಗ, ಮದ್ದುಗಳ ಮಾತು ಅನುಭಾವದ ಮಾತಿಗೆ ಹೊರತಾಗಿರಲಿಲ್ಲ. ಹೆಚ್ಚು ಅಕ್ಕಿ ತಂದ ಗಂಡನನ್ನು ತಿದ್ದಿದ ಲಕ್ಕಮ್ಮನ ಪರಂಪರೆ ನಮ್ಮದು. ನಮ್ಮ ಮನೆಯ ಅಕ್ಕಂದಿರಿಗೆ ನಮ್ಮನ್ನು ತಿದ್ದುವಷ್ಟು ಬಾಯಿ ಬರಲಿ.

ಮಾತಿನಲ್ಲೇ ಮುಗಿಸಿದರೆ ನನ್ನ ಆ ನಲವತ್ತು ನಿಮಿಷದ ಭಾಷಣದಂತೆಯೇ ಆಗುತ್ತದೆ. ಆದ್ದರಿಂದ ಪೂಜ್ಯರ ಪಾದಕ್ಕೂ ಬಂಧುಗಳ ಮುಂದೆಯೂ ನಾಲ್ಕು ವಿನಂತಿ ಇಡುತ್ತೇನೆ.

ಪ್ರತಿ ಮಠದ ಶ್ರಾವಣ ಪ್ರವಚನದಲ್ಲಿ ಒಂದು ಮಧ್ಯಾಹ್ನ ಹೆಣ್ಣುಮಕ್ಕಳಿಗಷ್ಟೇ ಮೀಸಲಿರಲಿ. ಅಕ್ಕನ ಬಳಗದವರು ನಡೆಸಲಿ, ಒಬ್ಬ ಡಾಕ್ಟರಮ್ಮ ಬಂದು ಈ ರೋಗಗಳನ್ನು ಹೆಸರಿಟ್ಟು ಹೇಳಲಿ. ಗಂಡಸರು ಅಂದು ದಾಸೋಹದ ಅಡುಗೆ ಮಾಡಲಿ.

ಮಠಗಳಲ್ಲಿ ನಾವು ಕಣ್ಣಿನ ಶಿಬಿರ, ರಕ್ತದಾನ ಶಿಬಿರ ಮಾಡುತ್ತೇವೆ. ಅದರ ಜೊತೆ ಪರದೆ, ಮಂಚ, ದೀಪ ಇರುವ ಒಂದು ಕೋಣೆಯನ್ನು ಮಹಿಳಾ ವೈದ್ಯರಿಗೆ ಬಿಟ್ಟುಕೊಡೋಣ. ಹೊರಗಿನ ಫಲಕದಲ್ಲಿ "ಸಾಮಾನ್ಯ ಆರೋಗ್ಯ ತಪಾಸಣೆ" ಎಂದಷ್ಟೇ ಇದ್ದರೆ ಸಾಕು. ಸರತಿಯಲ್ಲಿ ನಿಂತವಳು ಯಾವುದಕ್ಕೆ ಬಂದಳೆಂದು ಯಾರಿಗೂ ತಿಳಿಯಬೇಕಿಲ್ಲ. ಅಲ್ಲೇ ಸಕ್ಕರೆಯ ಪರೀಕ್ಷೆಯೂ ಆಗಲಿ.

ಮನೆಯಲ್ಲಿ ಹೆಣ್ಣುಮಗಳು ಡಾಕ್ಟರಿಗೆ ತೋರಿಸಬೇಕು ಎಂದರೆ "ಯಾಕ, ಏನಾಗ್ಯದ?" ಎಂದು ಮೂರು ಸಲ ವಿಚಾರಣೆ ಮಾಡದೆ ಬಸ್ಸಿಗೆ ಹತ್ತಿಸಿರಿ. ಕೇಳಬೇಕಾದ್ದು ಆಸ್ಪತ್ರೆಯಲ್ಲಿ: "ಡಾಕ್ಟರೇ, ನೋಡಿ ಔಷಧ ಕೊಡ್ರಿ." ಮಹಿಳಾ ವೈದ್ಯರೇ ಬೇಕೆಂದು, ಜೊತೆಗೆ ಒಬ್ಬ ಹೆಂಗಸು ಇರಬೇಕೆಂದು ಕೇಳುವುದೂ ಅವಳ ಹಕ್ಕು.

ಕಡೆಯದಾಗಿ, ಯಾವ ರೋಗಕ್ಕೂ ಲಿಂಗವನ್ನು ಮೈಯಿಂದ ಇಳಿಸಬೇಡಿರೆಂದು ಪೂಜ್ಯರು ತಮ್ಮ ಬಾಯಿಂದಲೇ ಒಂದು ಸಲ ಹೇಳಲಿ. ನಾನು ಹೇಳಿದರೆ ಅದು ನಿವೃತ್ತ ಎಂಜಿನಿಯರನ ಮಾತು. ಅವರು ಹೇಳಿದರೆ ಮನೆಮನೆಗೆ ಮುಟ್ಟುತ್ತದೆ.

ಮೊನ್ನೆ ಕಮಲಾಪುರಕ್ಕೆ ಹೋದಾಗ ಅಕ್ಕ ಅಂಗಳದಲ್ಲಿ ಕೆಂಪು ಬಾಳೆಯ ಗೊನೆ ಇಳಿಸಿಕೊಳ್ಳುತ್ತಿದ್ದಳು. ಕರಡಿಗೆ ಎದೆಯ ಮೇಲಿತ್ತು. ಈಗಲೂ ವಾರಕ್ಕೆ ಎರಡು ಸಲ ಮುಲಾಮು ಹಚ್ಚುತ್ತಾಳೆ, ವರ್ಷಕ್ಕೊಮ್ಮೆ ಕಲಬುರಗಿಗೆ ಬಂದು ತೋರಿಸಿಕೊಂಡು ಹೋಗುತ್ತಾಳೆ. ಮನೆಯವರಿಗೆ ಈಗ ಮೊಣಕಾಲಿನ ನೆಪ ಹೇಳುವುದಿಲ್ಲ. ನಾನು ಹೊರಡುವಾಗ ತಡೆದು ಕೇಳಿದಳು: "ತಮ್ಮ, ನಮ್ಮ ಓಣ್ಯಾಗ ಇನ್ನೂ ಇಬ್ಬರದ್ದು ಇದೇ ಗೋಳದ. ಶ್ರಾವಣ ಬರೂತನ ಕಾಯಬೇಕೇನು?"

ಅವರಿಬ್ಬರನ್ನೂ ಬರುವ ಸೋಮವಾರ ಅವಳೇ ಕರೆದುಕೊಂಡು ಬರುತ್ತಾಳೆ. ಬಸ್ ನಿಲ್ದಾಣದಲ್ಲಿ ನನ್ನ ಹೆಂಡತಿ ಕಾಯುತ್ತಿರುತ್ತಾಳೆ.

ಶರಣು.